ನಿಸ್ತಂತು ಜಾಲದ ಕ್ಷೇಮಸಮಾಚಾರ

ದೂರದ ಊರಿನಲ್ಲಿರುವ ಬಂಧುಗಳ ಯೋಗಕ್ಷೇಮ ವಿಚಾರಿಸಿ ಕಾಗದ ಬರೆಯುವುದು ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು ಎಂಬ ಒಕ್ಕಣೆಯಿಲ್ಲದ ಕಾಗದವೇ ಇರಲಿಲ್ಲವೆನ್ನಬಹುದು. ಯಂತ್ರಗಳ ನಡುವೆಯೂ ಇಂತಹುದೇ ಒಂದು ಪತ್ರವ್ಯವಹಾರ ಹಗಲಿರುಳೂ ನಡೆಯುತ್ತಿದೆಯೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಕಾಲೇಜಿನ ಪುಸ್ತಕಭಂಡಾರದ ಗೋಡೆಯ ಮೇಲೆ, ಪಂಚಾಯಿತಿ ಕಚೇರಿಯ ಸೂರಿನಡಿಯಲ್ಲಿ, ರೈಲ್ವೆ ನಿಲ್ದಾಣದ ಕಂಬದ ಮೇಲೆ ಬಿಳಿಯ ಬಣ್ಣದ ಚಿಕ್ಕ ಪೆಟ್ಟಿಗೆಯೊಂದನ್ನು ನಾವೆಲ್ಲರೂ ಕಂಡಿದ್ದೇವೆ. ಜನ ಅದನ್ನು ವೈಫೈ ಡಬ್ಬಿ ಎನ್ನುತ್ತಾರೆ. ತಿಳಿದವರು ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಆ ಪೆಟ್ಟಿಗೆ ಬದುಕಿದೆಯೇ, ತನ್ನ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದರ ಹತ್ತಿರ ಹೋಗದೆ ತಿಳಿಯುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು; ಯಂತ್ರಶಾಸ್ತ್ರಜ್ಞನಲ್ಲ. ಆದರೂ ಕೋರದಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬರುವ ವಿದ್ಯಾರ್ಥಿಗಳಿಗೆ ಈ ಪೆಟ್ಟಿಗೆಯ ಆರೋಗ್ಯ ಎಷ್ಟು ಮುಖ್ಯವೆಂಬುದನ್ನು ಕಂಡು, ತಿಳಿದವರನ್ನು ಕೇಳಿ, ಸ್ವಲ್ಪ ಓದಿ, ಅರಿತಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ತಂತಿಯಿಲ್ಲದೆ ಕಂಪ್ಯೂಟರುಗಳು ಮಾತನಾಡುವ ವಿದ್ಯೆ ನೆನ್ನೆ ಮೊನ್ನೆಯದಲ್ಲ. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಅಲೆಗಳ ಮೂಲಕ ಕಂಪ್ಯೂಟರ್ ಸಂದೇಶಗಳನ್ನು ಕಳುಹಿಸುವ ಅಲೋಹಾ ಜಾಲವನ್ನು ಆರಂಭಿಸಿದರು. ಇಂದಿನ ವೈಫೈಗೆ ಆಧಾರವಾದ ನಿಯಮಾವಳಿ ೧೯೯೭ರಲ್ಲಿ ಹೊರಬಿತ್ತು. ವೈಫೈ ಎಂಬ ಹೆಸರು ಬಂದುದು ೧೯೯೯ರಲ್ಲಿ. ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ಎಂಬ ಅಲೆಪಟ್ಟಿಯನ್ನು ಗೊತ್ತಾದ ಶಕ್ತಿಯ ಮಿತಿಯೊಳಗೆ ಲೈಸೆನ್ಸಿಲ್ಲದೆ ಬಳಸಲು ೨೦೦೫ರಲ್ಲಿ ಅನುಮತಿ ದೊರೆಯಿತು. ಆಮೇಲೆಯೇ ಈ ಪೆಟ್ಟಿಗೆ ಅಂಗಡಿ, ಮನೆ, ಶಾಲೆಗಳೊಳಗೆ ಧಾರಾಳವಾಗಿ ಕಾಲಿಟ್ಟದ್ದು.

ಪೆಟ್ಟಿಗೆ ಮಾಡುವ ಕೆಲಸ ಸರಳವಾದುದು. ಒಂದು ಕಡೆ ಅದಕ್ಕೆ ತಂತಿಯ ಸಂಬಂಧ. ಇನ್ನೊಂದು ಕಡೆ ಗಾಳಿಯಲ್ಲಿ ಅಲೆಗಳ ಸಂಬಂಧ. ನಮ್ಮ ಕೈಯ ಫೋನು ಅಲೆಯಲ್ಲಿ ಹೇಳಿದುದನ್ನು ಅದು ತಂತಿಗೆ ಹಾಕುತ್ತದೆ; ತಂತಿಯಲ್ಲಿ ಬಂದುದನ್ನು ಅಲೆಯಾಗಿ ಮಾಡಿ ಫೋನಿಗೆ ಕೊಡುತ್ತದೆ. ಊರ ಕಾಲುವೆಗೂ ಹೊಲದ ಗದ್ದೆಗೂ ನಡುವೆ ಇರುವ ತೂಬಿನಂತೆ ಎಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು. ಕೆರೆಯಲ್ಲಿ ನೀರಿದ್ದೂ ತೂಬು ಕೆಟ್ಟರೆ ಗದ್ದೆ ಒಣಗುತ್ತದೆ. ತೂಬು ಸರಿಯಿದ್ದೂ ಕೆರೆಯಲ್ಲಿ ನೀರಿಲ್ಲದಿದ್ದರೆ ಆಗಲೂ ಗದ್ದೆ ಒಣಗುತ್ತದೆ. ಗದ್ದೆಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ. ಎಲ್ಲಿ ತಪ್ಪಿದೆಯೆಂದು ತಿಳಿಯಲು ಏರಿಯ ಮೇಲೆ ನಡೆದು ನೋಡುವ ನೀರುಗಂಟಿಯೊಬ್ಬ ಬೇಕು. ಜಾಲದಲ್ಲಿ ಈ ನೀರುಗಂಟಿಯ ಕೆಲಸ ಮಾಡುವುದಕ್ಕೆ ಜಾಲ ನಿರ್ವಹಣೆಯ ತಂತ್ರಾಂಶವೆಂದು ಹೆಸರು. ಜಬಿಕ್ಸ್, ನಾಗಿಯೋಸ್, ಲಿಬ್ರೆಎನ್ಎಂಎಸ್ ಮೊದಲಾದವು ಈ ಬಗೆಯವು. ಇವುಗಳನ್ನು ಹಣ ತೆರದೆಯೇ ಪಡೆದು ಬಳಸಬಹುದೆಂಬುದು ಬಡ ಕಾಲೇಜುಗಳು ನೆನಪಿಡತಕ್ಕ ಸಂಗತಿ.

ನೀರುಗಂಟಿ ತೂಬನ್ನು ಕಣ್ಣಿನಿಂದ ನೋಡುತ್ತಾನೆ. ತಂತ್ರಾಂಶವೋ ಪೆಟ್ಟಿಗೆಯನ್ನು ಪ್ರಶ್ನೆ ಕೇಳುತ್ತದೆ. ಹಾಗೆ ಕೇಳಲು ಇಬ್ಬರಿಗೂ ತಿಳಿದ ಒಂದು ಭಾಷೆ ಇರಬೇಕಷ್ಟೆ. ಅಂತಹ ಭಾಷೆಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಎಸ್.ಎನ್.ಎಂ.ಪಿ. ಎಂಬುದು. ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್, ಜೇಮ್ಸ್ ಡೇವಿನ್ ಎಂಬ ನಾಲ್ವರು ಇದನ್ನು ರೂಪಿಸಿ ೧೯೮೮ರಲ್ಲಿ ಪ್ರಕಟಿಸಿದರು. ೧೯೯೦ರಲ್ಲಿ ಅದು ಇನ್ನಷ್ಟು ಸ್ಥಿರವಾದ ರೂಪ ತಳೆಯಿತು. ಅದರ ಹೆಸರಿನಲ್ಲಿಯೇ ಸರಳ ಎಂಬರ್ಥದ ಮಾತು ಸೇರಿದೆ. ಪೆಟ್ಟಿಗೆಯ ಒಳಗೆ ಒಬ್ಬ ಗುಮಾಸ್ತನಿದ್ದಾನೆಂದು ಭಾವಿಸೋಣ. ಅವನನ್ನು ಏಜೆಂಟ್ ಎನ್ನುತ್ತಾರೆ. ಅವನ ಮುಂದೆ ಒಂದು ದಫ್ತರವಿದೆ. ತಂತ್ರಾಂಶವು ದೂರದಿಂದ ಇಂತಹ ಬಾಬಿನ ಮುಂದೆ ಏನು ಬರೆದಿದೆಯೆಂದು ಕೇಳುತ್ತದೆ. ಗುಮಾಸ್ತ ನೋಡಿ ಹೇಳುತ್ತಾನೆ. ಈ ಬಾಬಿನ ಮುಂದಿನ ಬಾಬು ಯಾವುದು ಎಂದೂ ಕೇಳಬಹುದು. ಈ ಎರಡನೆಯ ಪ್ರಶ್ನೆ ಬಹು ಉಪಯುಕ್ತವಾದುದು. ಒಂದು ಬೀದಿಯಲ್ಲಿ ಎಷ್ಟು ಮನೆಗಳಿವೆಯೆಂದು ತಿಳಿಯದಿದ್ದರೂ ಮುಂದಿನ ಮನೆ, ಮುಂದಿನ ಮನೆ ಎಂದು ಕೇಳುತ್ತ ಹೋದರೆ ಬೀದಿಯ ಕೊನೆ ಮುಟ್ಟುವುದಿಲ್ಲವೇ? ಹಾಗೆಯೇ ಇದು.

ದಫ್ತರದ ಬಾಬುಗಳಿಗೆ ಹೆಸರಿನ ಬದಲು ಅಂಕಿಗಳಿವೆ. ಮೊದಲ ಬಾರಿಗೆ ಅವನ್ನು ಕಂಡವರು ದಿಗಿಲುಬೀಳುವುದು ಸಹಜ. ಉದಾಹರಣೆಗೆ ೧.೩.೬.೧.೨.೧.೧.೩.೦ ಎಂಬುದು ಒಂದು ಬಾಬು. ಆದರೆ ಪಹಣಿ ಓದಬಲ್ಲ ರೈತನ ಮಗನಿಗೆ ಇದರಲ್ಲಿ ಹೊಸದೇನೂ ಇಲ್ಲ. ತುಮಕೂರು ಜಿಲ್ಲೆ, ತುಮಕೂರು ತಾಲ್ಲೂಕು, ಕೋರ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಕೊನೆಗೆ ಒಂದೇ ಒಂದು ತುಂಡು ಭೂಮಿಯನ್ನು ನಾವು ಗುರುತಿಸುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲ ಅಂಕಿಗಳು ಜಗತ್ತಿನ ಮಾನಕ ಸಂಸ್ಥೆ, ಅದರೊಳಗೆ ಇಂಟರ್ನೆಟ್, ಅದರೊಳಗೆ ನಿರ್ವಹಣೆಯ ವಿಭಾಗ ಎಂದು ಇಳಿಯುತ್ತವೆ. ಕೊನೆಯ ಅಂಕಿಗಳು ಯಂತ್ರದ ಏಜೆಂಟು ಎದ್ದು ಎಷ್ಟು ಹೊತ್ತಾಯಿತು ಎಂಬ ಒಂದೇ ಸಂಗತಿಯನ್ನು ತೋರಿಸುತ್ತವೆ. ಸರ್ವೆ ನಂಬರು ತಿಳಿದರೆ ಯಾವ ಕಚೇರಿಯಲ್ಲಿಯೂ ಅದೇ ಜಮೀನು ಸಿಕ್ಕುವಂತೆ, ಈ ಅಂಕಿ ತಿಳಿದರೆ ಯಾವ ಕಂಪನಿಯ ಯಂತ್ರದಲ್ಲಿಯೂ ಅದೇ ಉತ್ತರ ಸಿಕ್ಕುತ್ತದೆ. ಎಲ್ಲರಿಗೂ ಸಮಾನವಲ್ಲದ, ತಮ್ಮ ಯಂತ್ರಕ್ಕೇ ವಿಶೇಷವಾದ ಸಂಗತಿಗಳನ್ನು ಬರೆದುಕೊಳ್ಳಲು ಪ್ರತಿಯೊಂದು ಕಂಪನಿಗೂ ಬೇರೆ ಸಂಖ್ಯೆಯ ಒಂದು ಕೊಂಬೆಯನ್ನು ಬಿಟ್ಟುಕೊಡಲಾಗಿದೆ. ವೈಫೈ ಪೆಟ್ಟಿಗೆಗಳ ವಿವರಗಳು ಹೆಚ್ಚಾಗಿ ಸಿಕ್ಕುವುದು ಈ ಖಾಸಗಿ ಕೊಂಬೆಗಳಲ್ಲಿಯೇ.

ಮೇಲೆ ಹೇಳಿದ ಬಾಬಿಗೆ ಬರುವ ಉತ್ತರ ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಕೇಳಿದಾಗ ೭೨,೦೦೦ ಎಂದು ಉತ್ತರ ಬಂದಿತೆನ್ನೋಣ. ನೂರರಿಂದ ಭಾಗಿಸಿದರೆ ೭೨೦ ಸೆಕೆಂಡು, ಎಂದರೆ ೧೨ ನಿಮಿಷ. ಆ ಯಂತ್ರ ೯ ಗಂಟೆ ೪೮ ನಿಮಿಷಕ್ಕೆ ಎಚ್ಚರಗೊಂಡಿತೆಂದು ಇದರಿಂದ ತಿಳಿಯಿತು. ಪ್ರತಿದಿನ ಅದೇ ಹೊತ್ತಿಗೆ ಹೀಗಾಗುತ್ತಿದ್ದರೆ ಯಾರೋ ಬಾಗಿಲು ತೆರೆದು ಸ್ವಿಚ್ಚು ಹಾಕುತ್ತಿದ್ದಾರೆಂದು ಊಹಿಸಬಹುದು. ಹೊತ್ತುಗೊತ್ತಿಲ್ಲದೆ ಆಗುತ್ತಿದ್ದರೆ ವಿದ್ಯುತ್ತು ಹೋಗಿ ಬರುತ್ತಿರಬಹುದು. ಒಂದೇ ಅಂಕಿ ಎಷ್ಟು ಕತೆ ಹೇಳುತ್ತದೆ ನೋಡಿ! ಇದರಲ್ಲಿ ಒಂದು ವಿನೋದವೂ ಉಂಟು. ಈ ಲೆಕ್ಕದ ಪಾತ್ರೆಯಲ್ಲಿ ೪,೨೯,೪೯,೬೭,೨೯೫ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಆದುದರಿಂದ ೪೯೭ ದಿನ ಒಂದೇ ಸಮನೆ ನಡೆದ ಯಂತ್ರ ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಒಂದೂಕಾಲು ವರ್ಷಕ್ಕೂ ಹೆಚ್ಚು ಕಾಲ ಕಣ್ಣುಮುಚ್ಚದೆ ದುಡಿದವನನ್ನು ಈಗತಾನೆ ಎದ್ದವನೆಂದು ಲೆಕ್ಕಪುಸ್ತಕ ತೋರಿಸುತ್ತದೆ!

ಕೇಳುವುದು ಎಷ್ಟು ಹೊತ್ತಿಗೊಮ್ಮೆ? ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ ೨೮೮ ಸಲ. ಪ್ರಶ್ನೆಯೂ ಉತ್ತರವೂ ರಿಜಿಸ್ಟರು ಮಾಡದ ಕಾಗದದಂತೆ ಹೋಗುತ್ತವೆ. ದಾರಿಯಲ್ಲಿ ಕಳೆದುಹೋದರೆ ಹೇಳುವವರಿಲ್ಲ. ಆದುದರಿಂದ ಒಂದು ಸಲ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರ ಸತ್ತಿತೆಂದು ಸಾರುವುದು ಅವಸರದ ಮಾತು. ಮೂರು ಸಲ ಮೇಲಿಂದ ಮೇಲೆ ಉತ್ತರ ಬಾರದಿದ್ದರೆ ಆಗ ಗಂಟೆ ಬಾರಿಸುವುದು ವಿವೇಕ. ಕೇಳುವವರೆಗೆ ಕಾಯದೆ ಯಂತ್ರವೇ ತಾನಾಗಿ ಕೂಗಿ ಹೇಳುವ ಏರ್ಪಾಡೂ ಇದೆ. ಅದಕ್ಕೆ ಟ್ರ್ಯಾಪ್ ಎಂದು ಹೆಸರು. ಆದರೆ ಅದನ್ನೇ ಪೂರ್ತಿಯಾಗಿ ನಂಬುವಂತಿಲ್ಲ. ಜ್ವರ ಬಂದವನು ಜ್ವರ ಬಂದಿದೆಯೆಂದು ಕಾಗದ ಬರೆದಾನು. ಪ್ರಾಣ ಬಿಟ್ಟವನು ತನ್ನ ಸಾವಿನ ಸುದ್ದಿ ಬರೆಯಲಾರ. ಆದುದರಿಂದ ಕೂಗುವುದನ್ನು ಆಲಿಸುವುದೂ ಬೇಕು, ಸುಮ್ಮನಿರುವವನನ್ನು ಹೋಗಿ ಕೇಳುವುದೂ ಬೇಕು.

ದೊಡ್ಡ ಕಟ್ಟಡಗಳಲ್ಲಿ ಹತ್ತಾರು ಪೆಟ್ಟಿಗೆಗಳಿರುವಾಗ ಅವುಗಳ ಮೇಲೆ ನಿಯಂತ್ರಕವೆಂಬ ಒಬ್ಬ ಯಜಮಾನನನ್ನು ಇಡುತ್ತಾರೆ. ಆಗ ಪ್ರತಿಯೊಂದು ಪೆಟ್ಟಿಗೆಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಾದುದಿಲ್ಲ. ಯಜಮಾನನನ್ನು ಕೇಳಿದರೆ ಪೂರ್ತಿ ಪಟ್ಟಿ ಕೊಡುತ್ತಾನೆ. ಸಿಸ್ಕೋ ಕಂಪನಿಯ ಹಲವು ನಿಯಂತ್ರಕಗಳ ಪಟ್ಟಿಯಲ್ಲಿ ಪ್ರತಿ ಪೆಟ್ಟಿಗೆಯ ಮುಂದೆ ಒಂದು ಅಂಕಿ ಇರುತ್ತದೆ. ೧ ಎಂದರೆ ಸೇರಿಕೊಂಡಿದೆ, ೨ ಎಂದರೆ ಬಿಟ್ಟುಹೋಗುತ್ತಿದೆ, ೩ ಎಂದರೆ ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಿದೆ ಎಂದರ್ಥ. ಆದರೆ ಸೂಕ್ಷ್ಮವಾಗಿ ನೋಡಿದ ಓದುಗರಿಗೆ ಇಲ್ಲೊಂದು ಸಂದೇಹ ಹುಟ್ಟಬೇಕು. ಬಿಟ್ಟೇಹೋದ ಪೆಟ್ಟಿಗೆಗೆ ಯಾವ ಅಂಕಿ? ಯಾವ ಅಂಕಿಯೂ ಇಲ್ಲ. ಇಂತಹ ನಿಯಂತ್ರಕಗಳಲ್ಲಿ ಸತ್ತ ಪೆಟ್ಟಿಗೆಯ ಹೆಸರಿನ ಸಾಲೇ ಪಟ್ಟಿಯಿಂದ ಮಾಯವಾಗುತ್ತದೆ. ಉಳಿದ ಸಾಲುಗಳೆಲ್ಲವೂ ೧, ೧, ೧ ಎಂದು ಹೇಳುತ್ತಿರುತ್ತವೆ. ನೋಡುವವನು ಎಲ್ಲವೂ ಕ್ಷೇಮವೆಂದು ತಿಳಿಯುತ್ತಾನೆ. ತರಗತಿಯಲ್ಲಿ ಬಂದವರ ಹೆಸರನ್ನು ಮಾತ್ರ ಬರೆದುಕೊಳ್ಳುವ ಅಧ್ಯಾಪಕರಿಗೆ ಎಲ್ಲ ದಿನವೂ ನೂರಕ್ಕೆ ನೂರು ಹಾಜರಿಯೇ ಅಲ್ಲವೇ? ಗೈರುಹಾಜರಾದವರು ಯಾರೆಂದು ತಿಳಿಯಬೇಕಾದರೆ ಸೇರಿದವರೆಲ್ಲರ ಹೆಸರಿರುವ ಹಾಜರಿಪುಸ್ತಕ ಮೊದಲೇ ಇರಬೇಕು. ಆದುದರಿಂದ ಯಾವ ಕಾಲೇಜೇ ಆಗಲಿ, ತನ್ನಲ್ಲಿರುವ ಪೆಟ್ಟಿಗೆಗಳೆಷ್ಟು, ಯಾವುದು ಯಾವ ಕೊಠಡಿಯಲ್ಲಿದೆ ಎಂಬ ಪಟ್ಟಿಯನ್ನು ತಾನೇ ಬರೆದಿಟ್ಟುಕೊಂಡು ತಂತ್ರಾಂಶಕ್ಕೆ ಕೊಟ್ಟಿರಬೇಕು. ಪಟ್ಟಿಯಲ್ಲಿದ್ದು ಉತ್ತರದಲ್ಲಿಲ್ಲದುದೇ ಕೆಟ್ಟುಹೋದುದು.

ಇನ್ನು ಕೆಟ್ಟಿತೆಂದು ತಿಳಿದರೆ ಸಾಲದು. ಎಲ್ಲಿ ಕೆಟ್ಟಿತೆಂದು ತಿಳಿಯಬೇಕು. ಇಂದಿನ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಬೇರೆ ವಿದ್ಯುತ್ ತಂತಿಯಿಲ್ಲ. ಸುದ್ದಿ ಹರಿಯುವ ಕೇಬಲ್ಲಿನಲ್ಲಿಯೇ ವಿದ್ಯುತ್ತೂ ಹರಿಯುತ್ತದೆ. ಇದರ ನಿಯಮ ೨೦೦೩ರಲ್ಲಿ ಗೊತ್ತಾಯಿತು. ಒಂದೊಂದು ಕವಲಿಗೆ ೧೫.೪ ವ್ಯಾಟುಗಳವರೆಗೆ ಕೊಡಬಹುದೆಂದು ಆಗ ನಿಗದಿಯಾಯಿತು. ಹೀಗೆ ಕೊಡುವ ಯಂತ್ರವೇ ಸ್ವಿಚ್ಚು. ಪೆಟ್ಟಿಗೆ ಮೂಕವಾದಾಗ ಸ್ವಿಚ್ಚನ್ನು ಕೇಳಬೇಕು. ಸ್ವಿಚ್ಚೂ ಉತ್ತರ ಕೊಡದಿದ್ದರೆ ತೊಂದರೆ ಪೆಟ್ಟಿಗೆಯದಲ್ಲ, ಆ ಅಂತಸ್ತಿನದು. ವಿದ್ಯುತ್ತನ್ನು ಮೊದಲು ನೋಡಬೇಕು. ಸ್ವಿಚ್ಚು ಉತ್ತರ ಕೊಟ್ಟು ಆ ಕವಲಿನಲ್ಲಿ ವಿದ್ಯುತ್ತು ಹರಿಯುತ್ತಲೇ ಇಲ್ಲವೆಂದರೆ ಕೇಬಲ್ಲು ತುಂಡಾಗಿರಬೇಕು ಅಥವಾ ಪೆಟ್ಟಿಗೆ ಸುಟ್ಟಿರಬೇಕು. ವಿದ್ಯುತ್ತೂ ಹರಿಯುತ್ತಿದೆ, ಕವಲೂ ತೆರೆದಿದೆ, ಆದರೂ ಪೆಟ್ಟಿಗೆ ಮಾತನಾಡದು ಎಂದರೆ ಅದರ ತಲೆ ಕೆಟ್ಟಿದೆ. ಆ ಕವಲಿನ ವಿದ್ಯುತ್ತನ್ನು ಒಮ್ಮೆ ನಿಲ್ಲಿಸಿ ಮತ್ತೆ ಕೊಟ್ಟರೆ ಎಷ್ಟೋ ವೇಳೆ ಸರಿಹೋಗುತ್ತದೆ. ಏಣಿ ಹೊತ್ತು ಗೋಡೆ ಹತ್ತುವ ಮೊದಲು ಕುಳಿತಲ್ಲಿಯೇ ಇಷ್ಟನ್ನು ತಿಳಿಯಬಹುದು.

ಹಳ್ಳಿಯ ಕಡೆಗೆ ಬಂದರೆ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನೆಳೆಯ ಕೇಬಲ್ಲು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ೨೦೧೧ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಇದರಲ್ಲಿ ಪಂಚಾಯಿತಿಯ ಕೊನೆಯಲ್ಲಿರುವ ಯಂತ್ರಕ್ಕೆ ಒಂದು ವಿಚಿತ್ರ ಶಕ್ತಿಯುಂಟು. ವಿದ್ಯುತ್ತು ಹೋದ ಕ್ಷಣದಲ್ಲಿ, ಒಳಗೆ ಉಳಿದ ಅತ್ಯಲ್ಪ ಶಕ್ತಿಯನ್ನು ಬಳಸಿ, ನನಗೆ ವಿದ್ಯುತ್ತು ಹೋಯಿತು ಎಂಬ ಒಂದೇ ಮಾತನ್ನು ಅದು ಕಳುಹಿಸಬಲ್ಲುದು. ತಜ್ಞರು ಇದಕ್ಕೆ ಕೊನೆಯುಸಿರು ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಕೊನೆಯುಸಿರು ಬಂದು ಆಮೇಲೆ ಮೌನವಾದರೆ ವಿದ್ಯುತ್ತಿನ ತೊಂದರೆ. ಕೊನೆಯುಸಿರೇ ಬಾರದೆ ತಟಕ್ಕನೆ ಮೌನವಾದರೆ ದಾರಿಯಲ್ಲಿ ಎಳೆ ಕಡಿದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ರಸ್ತೆ ಅಗಲ ಮಾಡುವ, ಕೊಳಾಯಿ ಹೂಳುವ ಜೆಸಿಬಿಗಳು ಓಡಾಡುವ ಕಡೆ ಈ ಭೇದ ತಿಳಿಯುವುದು ಎಷ್ಟು ಅಗತ್ಯವೆಂದು ಹೇಳಬೇಕಾದುದಿಲ್ಲ. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ಆಳನ್ನು ಕಳುಹಿಸಬೇಕು. ಕೋರ ಹೋಬಳಿಯ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಅಲ್ಲಿಯ ಆಹಾರ ಪಾರ್ಕು ೨೦೧೪ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆಯಲ್ಲಿ ಒಂದು ಗಂಟೆ ಜಾಲ ನಿಂತರೆ ನಷ್ಟವನ್ನು ರೂಪಾಯಿಯಲ್ಲಿ ಲೆಕ್ಕಹಾಕುವವರು ಇರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ಬಂದು ಸರ್ವರ್ ಇಲ್ಲವೆಂಬ ಮಾತು ಕೇಳಿ ಹಿಂದಿರುಗುವ ಹೆಣ್ಣುಮಗಳ ಒಂದು ದಿನದ ಕೂಲಿಯನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಈಗ ಅತಿ ಮುಖ್ಯವಾದ ಮಾತಿಗೆ ಬರುತ್ತೇನೆ. ಪೆಟ್ಟಿಗೆ ಬದುಕಿದೆ ಎಂಬುದೂ ಅದು ಸೇವೆ ಮಾಡುತ್ತಿದೆ ಎಂಬುದೂ ಒಂದೇ ಅಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಗಳು ಸಮೀಪಿಸಿದಾಗ ಕಾಲೇಜೊಂದರ ಪುಸ್ತಕಭಂಡಾರದಲ್ಲಿ ನಾನು ಕಂಡ ಸಂಗತಿ ಇದಕ್ಕೆ ನಿದರ್ಶನ. ಗೋಡೆಯ ಮೇಲಿನ ಪೆಟ್ಟಿಗೆಯ ಹಸುರು ದೀಪ ಉರಿಯುತ್ತಿತ್ತು. ಬೆಳಗ್ಗೆ ಬೇಗ ಬಂದವರಿಗೆಲ್ಲ ಜಾಲ ಸಿಕ್ಕುತ್ತಿತ್ತು. ಹನ್ನೊಂದರ ಮೇಲೆ ಬಂದವರಿಗೆ ಸಿಕ್ಕುತ್ತಿರಲಿಲ್ಲ. ಅವರ ಫೋನುಗಳು ವಿಳಾಸ ಪಡೆಯಲಾಗುತ್ತಿದೆ ಎಂದು ಹೇಳುತ್ತ ಅಲ್ಲಿಯೇ ನಿಲ್ಲುತ್ತಿದ್ದವು. ದೂರಿದರೆ, ದೀಪ ಉರಿಯುತ್ತಿದೆಯಲ್ಲ, ನಿಮ್ಮ ಫೋನೇ ಸರಿಯಿಲ್ಲವೆಂಬ ಉತ್ತರ. ಹೊಸ ಫೋನು ಕೊಳ್ಳಲಾರದವರು ಆ ಮಾತನ್ನು ನಂಬಿ ತಲೆತಗ್ಗಿಸಿ ಹೊರಟುಬಿಡುತ್ತಿದ್ದರು.

ನಿಜಸ್ಥಿತಿ ಬೇರೆಯೇ ಆಗಿತ್ತು. ಜಾಲಕ್ಕೆ ಬಂದ ಪ್ರತಿಯೊಂದು ಫೋನಿಗೂ ಒಂದು ವಿಳಾಸದ ಸಂಖ್ಯೆ ಕೊಡಬೇಕು. ಸಾಮಾನ್ಯ ಏರ್ಪಾಡಿನಲ್ಲಿ ಇಂತಹ ಸಂಖ್ಯೆಗಳು ೨೫೬. ಮೊದಲನೆಯದನ್ನೂ ಕೊನೆಯದನ್ನೂ ಯಾರಿಗೂ ಕೊಡುವಂತಿಲ್ಲ. ಒಂದು ಹೆಬ್ಬಾಗಿಲಿನ ಯಂತ್ರಕ್ಕೆ ಹೋಯಿತು. ಉಳಿದುವು ೨೫೩. ಒಮ್ಮೆ ಕೊಟ್ಟ ಸಂಖ್ಯೆ ಒಂದು ದಿನದವರೆಗೆ ಅದೇ ಫೋನಿನ ಹೆಸರಿನಲ್ಲಿರಬೇಕೆಂದು ನಿಯಮವಿಟ್ಟಿದ್ದರೆ, ಹತ್ತು ನಿಮಿಷ ಬಂದು ಹೋದವನ ಸಂಖ್ಯೆಯೂ ಮರುದಿನದವರೆಗೆ ಬಿಡುಗಡೆಯಾಗದು. ಛತ್ರದಲ್ಲಿ ಕೊಠಡಿ ಹಿಡಿದು ಬೀಗ ಹಾಕಿ ಊರಿಗೆ ಹೋದವರಿಂದ ಹೊಸ ಯಾತ್ರಿಕನಿಗೆ ಜಾಗವಿಲ್ಲದಂತಾಗುವ ಹಾಗೆ, ೨೫೪ನೆಯ ವಿದ್ಯಾರ್ಥಿ ಬಾಗಿಲಲ್ಲಿಯೇ ನಿಲ್ಲುತ್ತಾನೆ. ಪೆಟ್ಟಿಗೆಯನ್ನು ಕೇಳಿದರೆ ನಾನು ಕ್ಷೇಮ ಎನ್ನುತ್ತದೆ. ಅದು ಸುಳ್ಳೂ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಹಂಚಲು ಇನ್ನೆಷ್ಟು ಸಂಖ್ಯೆಗಳು ಉಳಿದಿವೆಯೆಂದು ಹಂಚುವ ಯಂತ್ರವನ್ನು ಕೇಳಿದ್ದರೆ ಸೊನ್ನೆ ಎಂಬ ಉತ್ತರ ಮೊದಲ ದಿನವೇ ಬರುತ್ತಿತ್ತು. ಕಾರಣ ತಿಳಿದವರೊಬ್ಬರು ಕೊನೆಗೆ ಬಂದು ಒಂದು ದಿನದ ವಾಯಿದೆಯನ್ನು ಒಂದು ಗಂಟೆಗೆ ಇಳಿಸಿದರು. ಖರ್ಚು ಒಂದು ಪೈಸೆಯೂ ಇಲ್ಲ. ಹಿಡಿದ ಹೊತ್ತು ಐದು ನಿಮಿಷ. ಆದರೆ ಅಷ್ಟರಲ್ಲಿ ಕೆಲವರ ಅರ್ಜಿಯ ಗಡುವು ಮುಗಿದಿತ್ತು.

ಆದುದರಿಂದ ಸ್ಥಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿಚಾರಿಸಬೇಕು. ವಿದ್ಯುತ್ತಿದೆಯೇ? ಪೆಟ್ಟಿಗೆ ಉತ್ತರ ಕೊಡುತ್ತಿದೆಯೇ? ಅದರ ರೇಡಿಯೋ ನಡೆಯುತ್ತಿದೆಯೇ? ಎಷ್ಟು ಫೋನುಗಳು ಸೇರಿವೆ? ಅವಕ್ಕೆ ವಿಳಾಸ ಸಿಕ್ಕುತ್ತಿದೆಯೇ? ಅಲ್ಲಿಂದ ಹೊರಜಗತ್ತಿಗೆ ದಾರಿಯಿದೆಯೇ? ನೂರು ಜನ ಓದುವ ಕೊಠಡಿಯ ಪೆಟ್ಟಿಗೆಯಲ್ಲಿ ನಡುಹಗಲಿನಲ್ಲಿ ಒಂದು ಫೋನೂ ಸೇರಿಲ್ಲವೆಂದರೆ, ದೀಪ ಯಾವ ಬಣ್ಣದ್ದೇ ಆಗಿರಲಿ, ಏನೋ ಕೆಟ್ಟಿದೆಯೆಂದು ತಿಳಿಯಬೇಕು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಎಸ್.ಎನ್.ಎಂ.ಪಿ.ಯ ಹಳೆಯ ರೂಪಗಳಲ್ಲಿ ಗುಪ್ತಪದವು ಮುಚ್ಚುಮರೆಯಿಲ್ಲದೆ ಸಾಗುತ್ತದೆ. ಎಷ್ಟೋ ಯಂತ್ರಗಳಲ್ಲಿ ಆ ಗುಪ್ತಪದ ಪಬ್ಲಿಕ್ ಎಂಬ ಪದವೇ ಆಗಿ ಉಳಿದಿರುತ್ತದೆ. ಬೀಗದಕೈಯನ್ನು ಬಾಗಿಲಿಗೇ ಕಟ್ಟಿಟ್ಟಂತೆ! ೨೦೦೨ರಲ್ಲಿ ಪೂರ್ಣವಾದ ಮೂರನೆಯ ರೂಪದಲ್ಲಿ ಕೇಳುವವನು ಯಾರೆಂದು ಪರೀಕ್ಷಿಸುವ, ಮಾತನ್ನು ಗೂಢಲಿಪಿಯಲ್ಲಿ ಕಳುಹಿಸುವ ಏರ್ಪಾಡಿದೆ. ಅದನ್ನೇ ಬಳಸುವುದು ಲೇಸು. ಸ್ಥಿತಿ ತಿಳಿಯಲು ಓದುವ ಅಧಿಕಾರವೊಂದೇ ಸಾಕು. ತಿದ್ದುವ ಅಧಿಕಾರವನ್ನು ಕೊಡಕೂಡದು. ಇದಕ್ಕಿಂತಲೂ ದೊಡ್ಡ ಸಂಗತಿಯೆಂದರೆ, ಎಷ್ಟು ಫೋನು ಸೇರಿವೆಯೆಂದು ಹೇಳಬಲ್ಲ ಯಂತ್ರ ಯಾರ ಫೋನು, ಎಷ್ಟು ಹೊತ್ತು, ಯಾವ ಕೊಠಡಿಯಲ್ಲಿ ಎಂಬುದನ್ನೂ ತಿಳಿಸುವ ಹಾದಿ ತೆರೆಯುತ್ತದೆ. ಪೆಟ್ಟಿಗೆಯ ಸ್ಥಿತಿ ಹತ್ತು ಜನರಿಗೆ ತಿಳಿಯಬೇಕಾದುದು. ವಿದ್ಯಾರ್ಥಿಯ ಓಡಾಟ ಅವನ ಸ್ವಂತದ್ದು. ಈ ಎರಡರ ನಡುವೆ ಗೆರೆ ಎಳೆಯುವ ಹೊಣೆ ಯಂತ್ರದ್ದಲ್ಲ, ಮನುಷ್ಯರದು. ಲೆಕ್ಕಕ್ಕೆ ಸಂಖ್ಯೆ ಸಾಕು, ಹೆಸರು ಬೇಡ.

ಜಾಲದ ಸ್ಥಿತಿಯನ್ನು ಎಲ್ಲರ ಕಣ್ಣೆದುರಿಗಿಡುವ ಪದ್ಧತಿಗೆ ಒಂದು ಒಳ್ಳೆಯ ಪೂರ್ವಚರಿತ್ರೆಯಿದೆ. ೧೯೯೪ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾನಿಲಯದಲ್ಲಿದ್ದ ಟೋಬಿಯಾಸ್ ಓಟಿಕರ್ ಎಂಬ ತರುಣನ ಮುಂದೆ ಹೊರಜಗತ್ತಿಗೆ ಇದ್ದುದು ೬೪ ಕಿಲೋಬಿಟ್ಟಿನ ಒಂದೇ ತಂತಿ. ಅದು ಹೇಗೆ ನಡೆಯುತ್ತಿದೆಯೆಂದು ತಿಳಿಯುವ ಆತುರ ಎಲ್ಲರಿಗೂ ಇತ್ತು. ಆತ ಎಸ್.ಎನ್.ಎಂ.ಪಿ. ಮೂಲಕ ಲೆಕ್ಕ ತರಿಸಿ, ನಕ್ಷೆ ಬರೆದು, ಎಲ್ಲರೂ ನೋಡುವಂತೆ ಇಟ್ಟ. ಎಂ.ಆರ್.ಟಿ.ಜಿ. ಎಂಬ ಆ ತಂತ್ರಾಂಶ ೧೯೯೫ರಲ್ಲಿ ಲೋಕಕ್ಕೆಲ್ಲ ಉಚಿತವಾಗಿ ದೊರೆತು ಬಹು ಪ್ರಸಿದ್ಧವಾಯಿತು. ಆ ನಕ್ಷೆಯಿಂದ ತಂತಿಯೇನೂ ದಪ್ಪವಾಗಲಿಲ್ಲ. ಆದರೆ ತಂತಿ ಎಷ್ಟು ಸಣ್ಣದೆಂದು ಎಲ್ಲರಿಗೂ ಕಾಣುವಂತಾಯಿತು.

ನಮ್ಮಂತಹ ಕಾಲೇಜುಗಳಲ್ಲಿ ಇದಕ್ಕೆ ದೊಡ್ಡ ಮೊತ್ತವೇನೂ ಬೇಡ. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರೊಂದು, ಉಚಿತ ತಂತ್ರಾಂಶವೊಂದು, ಪೆಟ್ಟಿಗೆಗಳ ಹಾಜರಿಪಟ್ಟಿಯೊಂದು, ಆಸಕ್ತಿಯುಳ್ಳ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಸಾಕು. ಯಾವ ಕೊಠಡಿಯ ಪೆಟ್ಟಿಗೆ ನಡೆಯುತ್ತಿದೆ, ಯಾವುದು ನಿಂತಿದೆ, ಎಂದಿನಿಂದ ನಿಂತಿದೆ, ಯಾರಿಗೆ ತಿಳಿಸಿದೆ ಎಂಬ ನಾಲ್ಕು ಅಂಕಣಗಳನ್ನು ಪ್ರತಿದಿನ ಸೂಚನಾಫಲಕದಲ್ಲಿ ತೂಗುಹಾಕಿದರೆ, ಬಸ್ಸಿನಿಂದಿಳಿದು ಬಂದ ವಿದ್ಯಾರ್ಥಿ ಅದನ್ನು ಓದಿ ನೇರವಾಗಿ ಜಾಲವಿರುವ ಕೊಠಡಿಗೆ ಹೋಗುತ್ತಾನೆ. ಜಾಲ ಎಲ್ಲಿಯೂ ಇಲ್ಲದ ದಿನ ತನ್ನ ಫೋನನ್ನು ಹಳಿದುಕೊಳ್ಳದೆ, ಇಂತಹ ದಿನ ಇಂತಹ ಪೆಟ್ಟಿಗೆ ನಿಂತಿತ್ತೆಂದು ತಾರೀಖು ಸಹಿತ ಬರೆದು ಗಡುವಿನ ವಿಸ್ತರಣೆಯನ್ನು ಕೇಳುತ್ತಾನೆ. ಆ ಬರೆಹ ಕೈಯಲ್ಲಿದ್ದರೆ ಅವನ ಮಾತಿಗೆ ತೂಕ ಬರುತ್ತದೆ.